ಒಂದು ದಿನದಲ್ಲಿ ಹಳೆಯ ಕೋಲಾರ: ಕೋಲಾರಮ್ಮನ ಗುಡಿಯಿಂದ ಆವಣಿಯವರೆಗೆ

ಕೋಲಾರದಲ್ಲಿ ಒಂದು ದಿನದಲ್ಲಿ ಏನೇನು ನೋಡಬಹುದು ಎಂದು ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕೆನ್ನುವವರು. ಅವರ ಪಟ್ಟಿಯಲ್ಲಿ ಅಂತರಗಂಗೆ, ಕೋಟಿಲಿಂಗೇಶ್ವರ, ಚಿನ್ನದ ಗಣಿ ಮೊದಲೇ ಬಂದು ಕೂತಿರುತ್ತವೆ. ಊರಿನ ನಡುವೆಯೇ ಇರುವ ಎರಡು ದೊಡ್ಡ ದೇವಸ್ಥಾನಗಳಿಗೆ, ಎಂದರೆ ಕೋಲಾರಮ್ಮನ ಗುಡಿಗೆ ಮತ್ತು ಸೋಮೇಶ್ವರಕ್ಕೆ, ಜಾಗವೇ ಉಳಿದಿರುವುದಿಲ್ಲ. ಆ ಎರಡನ್ನು ಬಿಟ್ಟರೆ ಕೋಲಾರವನ್ನು ನೋಡಿದಂತಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬೆಳಗಿನ ಹೊತ್ತನ್ನೆಲ್ಲ ಊರಿಗೆ ಕೊಟ್ಟು, ಮಧ್ಯಾಹ್ನವನ್ನು ಮುಳಬಾಗಿಲು ತಾಲ್ಲೂಕಿನ ಆವಣಿಯ ಹಳೆಯ ಗುಡಿಗಳಿಗೆ ಇಟ್ಟುಕೊಂಡಿದ್ದೇನೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಕೋಲಾರದ ಚಿನ್ನದ ಗಣಿ ಎಂದು ಹೆಸರಾದ ಕೆಜಿಎಫ್ ಕೋಲಾರ ನಗರದಲ್ಲಿಲ್ಲ. ಅದು ಸುಮಾರು 30 ಕಿಲೋಮೀಟರ್ ದೂರದ ಬೇರೆಯೇ ಊರು, ಮತ್ತು ಅಲ್ಲಿನ ಗಣಿ 2001ರಲ್ಲಿ ಮುಚ್ಚಿತು. ಕೋಲಾರದ ಚರಿತ್ರೆ ಆ ಗಣಿಗಿಂತ ಬಹಳ ಹಳೆಯದು. ಗಂಗರು ತಲಕಾಡಿಗೆ ಹೋಗುವ ಮೊದಲು ಇದೇ ಅವರ ರಾಜಧಾನಿಯಾಗಿತ್ತು. ಆಗ ಇದರ ಹೆಸರು ಕುವಳಾಲ. ರಾಜಧಾನಿ ಬದಲಾದ ಮೇಲೂ ಗಂಗ ಅರಸರು ಶಾಸನಗಳಲ್ಲಿ ತಮ್ಮನ್ನು ‘ಕುವಳಾಲಪುರವರೇಶ್ವರ’ ಎಂದೇ ಕರೆದುಕೊಂಡರು. 11ನೇ ಶತಮಾನದ ಆರಂಭದಲ್ಲಿ ಊರು ಚೋಳರ ಕೈಸೇರಿತು, ಸುಮಾರು ನೂರು ವರ್ಷಗಳ ನಂತರ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಹಿಮ್ಮೆಟ್ಟಿಸಿದ, ಆಮೇಲೆ ವಿಜಯನಗರ, ಬಿಜಾಪುರ, ಶಿರಾದ ಮೊಘಲ್ ಸುಬೇದಾರರು, ಕೊನೆಗೆ ಹೈದರ್ ಅಲಿ. ಇಷ್ಟು ಕ್ರಮ ತಲೆಯಲ್ಲಿದ್ದರೆ ಮುಂದಿನ ಪ್ರತಿಯೊಂದು ಕಟ್ಟಡವನ್ನೂ ಅದರ ಕಾಲದಲ್ಲಿಟ್ಟು ನೋಡಬಹುದು.

ಹಂತ 1: ದಿನವನ್ನು ಆರಿಸಿಕೊಳ್ಳಿ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಎಲ್ಲಕ್ಕಿಂತ ಒಳ್ಳೆಯವು. ಮಾರ್ಚ್‌ನಿಂದ ಮೇ ತನಕ ಹನ್ನೊಂದು ಗಂಟೆಯ ನಂತರ ಪ್ರಾಕಾರದ ಬಂಡೆಗಲ್ಲಿನ ಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವುದೇ ಕಷ್ಟ. (ಪ್ರಾಕಾರ ಎಂದರೆ ದೇವಸ್ಥಾನದ ಸುತ್ತಲಿನ ಗೋಡೆ ಮತ್ತು ಅದರೊಳಗಿನ ಅಂಗಳ.) ಮಂಗಳವಾರ, ಶುಕ್ರವಾರ ಮತ್ತು ನವರಾತ್ರಿಯ ದಿನಗಳಲ್ಲಿ ಕೋಲಾರಮ್ಮನ ಗುಡಿಗೆ ಭಕ್ತರು ಹೆಚ್ಚು, ನೀವು ದರ್ಶನಕ್ಕಾಗಿ ಬರುವುದಾದರೆ ಅವೇ ಒಳ್ಳೆಯ ದಿನಗಳು, ಕಲ್ಲಿನ ಕೆಲಸವನ್ನು ನಿಧಾನವಾಗಿ ನೋಡಬೇಕೆಂದಿದ್ದರೆ ಬುಧವಾರ ಅಥವಾ ಗುರುವಾರ ಬನ್ನಿ. ಶಿವರಾತ್ರಿಯ ಆಸುಪಾಸಿನಲ್ಲಿ ಆವಣಿಯಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಜಾತ್ರೆಯನ್ನು ನೋಡಲು ಅದು ತಕ್ಕ ಸಮಯ, ಶಿಲ್ಪಗಳನ್ನು ನೋಡಲು ಅಲ್ಲ.

ಬೆಂಗಳೂರಿನಿಂದ ಕೋಲಾರಕ್ಕೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 70 ಕಿಲೋಮೀಟರ್. ಬಸ್ಸುಗಳಿಗೆ ಕೊರತೆಯಿಲ್ಲ. ಸ್ವಂತ ವಾಹನವಿದ್ದರೆ ಆರು ಗಂಟೆಗೆ ಮೊದಲೇ ನಗರ ದಾಟಿಬಿಡಿ. ಏಳೂವರೆ ಗಂಟೆಯ ಒಳಗೆ ಕೋಲಾರ ಸೇರುವುದರ ಮೇಲೆ ಇಡೀ ದಿನದ ಲೆಕ್ಕ ನಿಂತಿದೆ. ಗುಡಿಗಳ ಗರ್ಭಗುಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಮತ್ತು ಮೊದಲ ಎರಡು ತಾಣಗಳಿಗೆ ಓರೆಯಾಗಿ ಬೀಳುವ ಬೆಳಗಿನ ಬಿಸಿಲು ಬೇಕು.

ಹಂತ 2: ಜೊತೆಯಲ್ಲಿರಬೇಕಾದವು

ಒಂದು ಸಣ್ಣ ಟಾರ್ಚ್ ತಪ್ಪದೆ ತನ್ನಿ. ಮೊಬೈಲಿನ ಬೆಳಕಿಗಿಂತ ಕೈಯಲ್ಲಿ ಹಿಡಿಯುವ ಟಾರ್ಚ್ ಮೇಲು. ಕಾರಣವನ್ನು ಮುಂದೆ ಹೇಳುತ್ತೇನೆ. ಬಿಸಿ ಕಲ್ಲಿನ ಮೇಲೆ ನಡೆಯಲು ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ, ಕುಡಿಯುವ ನೀರು, ಟೊಪ್ಪಿಗೆ, ಪಾದರಕ್ಷೆ ಇಡಲು ಒಂದು ಬಟ್ಟೆಯ ಚೀಲ ಇರಲಿ. ಆವಣಿಯಲ್ಲಿ ಊಟದ ವ್ಯವಸ್ಥೆಯನ್ನು ನಂಬಿ ಹೋಗಬೇಡಿ. ಇಲ್ಲಿ ಹೇಳುವ ಯಾವ ತಾಣಕ್ಕೂ ಪ್ರವೇಶದ ಟಿಕೆಟ್ ಇಲ್ಲ. ಕೋಲಾರಮ್ಮ, ಸೋಮೇಶ್ವರ ಮತ್ತು ಆವಣಿಯ ಗುಡಿಗಳು ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಕ್ಯಾಮರಾದ ಸ್ಟ್ಯಾಂಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಗರ್ಭಗುಡಿಯ ಚಿತ್ರವನ್ನು ಎಲ್ಲಿಯೂ ತೆಗೆಯಬೇಡಿ.

ಹಂತ 3: ಕೋಲಾರಮ್ಮನ ಗುಡಿ (ಬೆಳಿಗ್ಗೆ 7.30ರಿಂದ 9.30)

ದಿನವನ್ನು ಇಲ್ಲಿಂದಲೇ ಆರಂಭಿಸಿ. ಕೋಟೆ ಎಂದು ಕರೆಯುವ ಹಳೆಯ ಊರಿನಲ್ಲಿ ಗುಡಿಯಿದೆ. ಕೋಲಾರಮ್ಮ ಊರಿನ ದೇವತೆ; ಮೈಸೂರಿನ ಅರಸರೂ ಈಕೆಯ ದರ್ಶನಕ್ಕೆ ಬರುತ್ತಿದ್ದರು. ಚೋಳರ ಕಾಲದ ಶಾಸನಗಳು ಇಲ್ಲಿನ ದೇವಿಯನ್ನು ‘ಪಿಡಾರಿ’ ಎಂದು ಕರೆಯುತ್ತವೆ. ಪಿಡಾರಿ ಎಂದರೆ ತಮಿಳು ನಾಡಿನಲ್ಲಿ ಊರು ಕಾಯುವ ಗ್ರಾಮದೇವತೆ. ದೊಡ್ಡ ಅರಸನೊಬ್ಬ ಊರಮ್ಮನ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದ ಉದಾಹರಣೆ ಇದು, ಮತ್ತು ಆ ತಾಯಿ ಇವತ್ತಿಗೂ ಊರಮ್ಮನಾಗಿಯೇ ಉಳಿದಿದ್ದಾಳೆ. ಇಷ್ಟು ಹಳೆಯ ನಂಬಿಕೆ ಕಡಿಯದೆ ನಡೆದುಬಂದಿರುವುದು ನನಗೆ ಇಲ್ಲಿನ ಯಾವ ಶಿಲ್ಪಕ್ಕಿಂತಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮೊದಲು ದರ್ಶನ ಮುಗಿಸಿ. ದೇವಿಯನ್ನು ನೇರವಾಗಿ ದಿಟ್ಟಿಸಬಾರದೆಂಬ ನಂಬಿಕೆಯಿಂದ ಇಲ್ಲಿ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದ ದರ್ಶನ ಪಡೆಯುವ ಪದ್ಧತಿಯಿದೆ. ಗೊತ್ತಿಲ್ಲದವರು ಗರ್ಭಗುಡಿಯ ಕತ್ತಲೆಯಲ್ಲಿ ವಿಗ್ರಹವನ್ನು ಹುಡುಕುತ್ತ ಮುಂದಕ್ಕೆ ಬಗ್ಗುತ್ತಾರೆ. ಹಾಗೆ ಮಾಡದೆ ಕನ್ನಡಿಯನ್ನು ನೋಡಿ. ಇದೇ ಪ್ರಾಕಾರದಲ್ಲಿ ಚೇಳಮ್ಮನ ಸನ್ನಿಧಿಯೂ ಇದೆ. ಚೇಳಮ್ಮನಿಗೆ ನಡೆದುಕೊಂಡರೆ ಚೇಳು ಕಚ್ಚುವ ಭಯವಿಲ್ಲ ಎಂದು ಸುತ್ತಲಿನ ಹಳ್ಳಿಯವರು ನಂಬುತ್ತಾರೆ, ಮತ್ತು ಅಲ್ಲಿ ನೆಲದಲ್ಲೇ ಕೊರೆದ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಸಪ್ತಮಾತೃಕೆಯರು, ಎಂದರೆ ಬ್ರಾಹ್ಮಿ, ವೈಷ್ಣವಿ, ಚಾಮುಂಡಿ ಮೊದಲಾದ ಏಳು ತಾಯಂದಿರು, ಈ ಗುಡಿಯಲ್ಲಿದ್ದಾರೆ.

ದರ್ಶನವಾದ ಮೇಲೆ ಗೋಡೆಗಳಿಗೆ ಬನ್ನಿ. ಬಹುತೇಕ ಜನ ಇಲ್ಲಿಂದ ಹೊರಟುಬಿಡುತ್ತಾರೆ. ದಯವಿಟ್ಟು ನೀವು ಹೊರಡಬೇಡಿ. ಗೋಡೆಯ ಕೆಳಭಾಗದಲ್ಲಿ ಪಟ್ಟಿ ಪಟ್ಟಿಯಾಗಿ ಎದ್ದುಬರುವ ಪೀಠವನ್ನು ಅಧಿಷ್ಠಾನ ಎನ್ನುತ್ತಾರೆ. ಅದರ ಪಟ್ಟಿಗಳ ಮೇಲೂ ಗೋಡೆಗಳ ಮೇಲೂ ಸಾಲುಸಾಲಾಗಿ ಅಕ್ಷರಗಳಿವೆ. ಅವುಗಳಲ್ಲಿ ಹೆಚ್ಚಿನವು ತಮಿಳು ಶಾಸನಗಳು. ಕನ್ನಡ ನಾಡಿನ ನಡುವೆ ಇಷ್ಟೊಂದು ತಮಿಳು ಏಕೆ ಎಂದು ಅಚ್ಚರಿಪಡುವವರಿಗೆ ಉತ್ತರ ಮೇಲೆ ಹೇಳಿದ ಚರಿತ್ರೆಯಲ್ಲೇ ಇದೆ: ಆಗ ಆಳುತ್ತಿದ್ದವರು ಚೋಳರು, ಶಾಸನ ಅವರ ಆಡಳಿತದ ಭಾಷೆಯಲ್ಲಿ ಬಂತು. 1014ರಿಂದ 1044ರವರೆಗೆ ಆಳಿದ ರಾಜೇಂದ್ರ ಚೋಳನ ಕಾಲದಲ್ಲಿ, ಇಟ್ಟಿಗೆಯಲ್ಲಿದ್ದ ಗುಡಿಯ ಭಾಗವನ್ನು ಅವನ ಅಧಿಕಾರಿಯೊಬ್ಬ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ ಸಂಗತಿ ಇಲ್ಲಿನ ಶಾಸನದಿಂದಲೇ ತಿಳಿಯುತ್ತದೆ. ಮೊದಲನೇ ಕುಲೋತ್ತುಂಗನ ಕಾಲದ ಶಾಸನದಲ್ಲಿ ಪೂಜೆಯ ಖರ್ಚು, ಗುಡಿಯ ಕೆಲಸಗಾರರಿಗೆ ಸಲ್ಲಬೇಕಾದದ್ದು ಇತ್ಯಾದಿಗಳ ವಿವರವಾದ ಲೆಕ್ಕವಿದೆ. ಗೋಡೆಯೇ ಗುಡಿಯ ಲೆಕ್ಕದ ಪುಸ್ತಕವಾಗಿತ್ತು ಎಂದರೆ ತಪ್ಪಾಗದು. ಪಾಠವನ್ನು ಓದಬೇಕೆನ್ನುವವರು ಬಿ.ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟವನ್ನು ಬರುವ ಮೊದಲೇ ನೋಡಿಕೊಳ್ಳಿ, ಕೋಲಾರ ಜಿಲ್ಲೆಯ ಶಾಸನಗಳು ಅದರಲ್ಲಿವೆ.

ಈಗ ಟಾರ್ಚಿನ ವಿಷಯ. ಅಕ್ಷರಗಳ ಎದುರಿಗೆ ನಿಂತು ನೇರವಾಗಿ ಬೆಳಕು ಬಿಟ್ಟರೆ ಕಲ್ಲು ಬೆಳ್ಳಗೆ ಹೊಳೆಯುತ್ತದೆಯೇ ಹೊರತು ಅಕ್ಷರ ಏಳುವುದಿಲ್ಲ. ನಾನು ಮೊದಲ ಸಲ ನಡುಮಧ್ಯಾಹ್ನ ತೆಗೆದ ಚಿತ್ರಗಳಲ್ಲಿ ಒಂದು ಸಾಲೂ ಓದಲಿಕ್ಕೆ ಬರಲಿಲ್ಲ. ಟಾರ್ಚನ್ನು ಗೋಡೆಗೆ ಬಹುತೇಕ ತಾಗುವಂತೆ ಪಕ್ಕದಲ್ಲಿ ಹಿಡಿದು ಬೆಳಕನ್ನು ಗೋಡೆಯ ಉದ್ದಕ್ಕೆ ಹಾಯಿಸಿ. ಆಗ ಪ್ರತಿಯೊಂದು ಕೊರೆತದ ಒಂದು ಅಂಚು ಬೆಳಗಿ ಇನ್ನೊಂದು ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ನಿಲ್ಲುತ್ತದೆ, ಒಂದು ಕ್ಷಣದ ಹಿಂದೆ ಒರಟು ಕಲ್ಲಾಗಿದ್ದ ಕಡೆ ಪೂರ್ತಿ ಸಾಲು ಎದ್ದು ಬರುತ್ತದೆ. ರಾಜೇಂದ್ರನ ಶಾಸನಗಳು ಸಾಮಾನ್ಯವಾಗಿ ‘ತಿರು ಮನ್ನಿ ವಳರ’ ಎಂಬ ಪ್ರಶಸ್ತಿಯಿಂದ, ಎಂದರೆ ಅರಸನ ಗೆಲುವುಗಳನ್ನು ಹೊಗಳುವ ಪೀಠಿಕೆಯಿಂದ, ತೊಡಗುತ್ತವೆ. ತಮಿಳು ಬಲ್ಲವರು ಜೊತೆಗಿದ್ದರೆ ಅದನ್ನು ಹುಡುಕಿಸಿ.

ಎಚ್ಚರಿಕೆ: ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಅರಿಶಿನ, ಹಿಟ್ಟು ಯಾವುದನ್ನೂ ಕಲ್ಲಿಗೆ ಬಳಿಯಬೇಡಿ, ನೀರೂ ಸುರಿಯಬೇಡಿ. ಸಾವಿರ ವರ್ಷ ಬಾಳಿದ ಬರಹವನ್ನು ತಿಕ್ಕಿ ತಿಕ್ಕಿ ಸವೆಸುವವರು ಒಳ್ಳೆಯ ಆಸಕ್ತಿಯಿಂದಲೇ ಬಂದವರಾಗಿರುತ್ತಾರೆ, ಅದೇ ನೋವಿನ ಸಂಗತಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ರಕ್ಷಿತ ಸ್ಮಾರಕವನ್ನು ಹಾಳುಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹೊರಡುವ ಮೊದಲು ಯುದ್ಧದ ದೃಶ್ಯವನ್ನು ಕೆತ್ತಿದ ಚಪ್ಪಡಿ ಎಲ್ಲಿದೆ ಎಂದು ಅರ್ಚಕರನ್ನು ಅಥವಾ ಕಾವಲುಗಾರರನ್ನು ಕೇಳಿ ನೋಡಿಕೊಳ್ಳಿ. ಅದರಲ್ಲಿ ಕಾಣುವ ವೀರನನ್ನು ರಾಜೇಂದ್ರ ಚೋಳನೆಂದು ಗುರುತಿಸುವುದು ರೂಢಿ. ಆ ಹೆಸರನ್ನು ಒತ್ತಟ್ಟಿಗಿಟ್ಟು ನೋಡಿದರೂ, ಅಷ್ಟು ಇಕ್ಕಟ್ಟಿನ ಕಲ್ಲಿನಲ್ಲಿ ಕಾಳಗದ ನೂಕುನುಗ್ಗಲನ್ನು ತಂದ ಶಿಲ್ಪಿಯ ಕೈಚಳಕ ದೊಡ್ಡದು.

ಹಂತ 4: ಸೋಮೇಶ್ವರ ದೇವಸ್ಥಾನ (9.45ರಿಂದ 11.15)

ಕೋಲಾರಮ್ಮನ ಗುಡಿಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ವಾಹನವನ್ನು ಇದ್ದಲ್ಲೇ ಬಿಟ್ಟು ಬನ್ನಿ. ಹಳೆಯ ಊರಿನ ಬೀದಿಗಳು ಕಿರಿದು, ಅಲ್ಲಿ ಕಾರು ತಿರುಗಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಇದು 14ನೇ ಶತಮಾನದ ವಿಜಯನಗರ ಕಾಲದ ದೇವಸ್ಥಾನ. ಮಹಾದ್ವಾರದ ಮೇಲೆ ಎತ್ತರದ ಗೋಪುರವಿದೆ. ಗೋಪುರವನ್ನು ದಾಟುವ ಮೊದಲು ಎರಡು ನಿಮಿಷ ಕೆಳಗೆ ನಿಲ್ಲಿ: ಬಾಗಿಲಿನ ಎತ್ತರದವರೆಗೆ ಕಣಶಿಲೆ, ಅದರ ಮೇಲಿನದೆಲ್ಲ ಇಟ್ಟಿಗೆ ಮತ್ತು ಗಾರೆ. ಗಾರೆ ಎಂದರೆ ಸುಣ್ಣ ಮರಳು ಸೇರಿಸಿ ಮಾಡುವ ಹಳೆಯ ಕಾಲದ ಲೇಪ. ಭಾರ ಹೊರುವ ಕಡೆ ಕಲ್ಲು, ಎತ್ತರಕ್ಕೆ ಹೋಗುವ ಕಡೆ ಹಗುರವಾದ ಇಟ್ಟಿಗೆ ಎಂಬುದು ಆ ಕಾಲದ ಗೋಪುರಗಳ ಕಟ್ಟುವ ಕ್ರಮ.

ಒಳಗೆ ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಕಲ್ಯಾಣ ಮಂಟಪದಲ್ಲಿ, ಎಂದರೆ ದೇವರ ಮದುವೆಯ ಉತ್ಸವ ನಡೆಸುವ ಕಂಬಗಳ ಮಂಟಪದಲ್ಲಿ. ಜನ ಇಲ್ಲಿ ಮಾಡುವ ತಪ್ಪೆಂದರೆ ಮಂಟಪದ ಮುಂದೆ ನಿಂತು ಒಂದು ಚಿತ್ರ ತೆಗೆದು ಮುಂದೆ ಹೋಗುವುದು. ಒಂದೇ ಒಂದು ಕಂಬವನ್ನು ಆರಿಸಿಕೊಂಡು ಅದರ ನಾಲ್ಕೂ ಮುಖವನ್ನು ಬುಡದಿಂದ ತಲೆಯವರೆಗೆ ನೋಡಿ. ಕಂಬದ ತಲೆಯ ಮೇಲೆ ತೊಲೆಯನ್ನು ಹೊತ್ತಿರುವ ಕೈಯಂಥ ಭಾಗಕ್ಕೆ ಬೋದಿಗೆ ಎಂದು ಹೆಸರು. ಕಾಲವನ್ನು ಗುರುತಿಸಲು ಹೊಸಬರಿಗೆ ಇದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ. ಚೋಳರ ಬೋದಿಗೆ ಓರೆಯಾಗಿ ಕತ್ತರಿಸಿದಂತೆ ಸರಳ, ನಡುವೆ ಒಂದು ಮುಂಚಾಚು. ವಿಜಯನಗರದ ಬೋದಿಗೆಯಾದರೆ ಬಾಗಿ ಕೆಳಗಿಳಿದು ತುದಿಯಲ್ಲಿ ತಾವರೆಯ ಮೊಗ್ಗಾಗಿ ಜೋತುಬಿದ್ದಿರುತ್ತದೆ. ಅರ್ಧ ಗಂಟೆಯ ಹಿಂದೆ ನೋಡಿದ ಗುಡಿಯನ್ನು ನೆನಪಿಸಿಕೊಂಡು ಇಲ್ಲಿ ತಲೆ ಎತ್ತಿ ನೋಡಿ. ಮೂರು ಶತಮಾನಗಳ ಅಂತರ ಆ ಒಂದು ಗೇಣಿನ ಕಲ್ಲಿನಲ್ಲಿ ಕಾಣುತ್ತದೆ. ಒಂದು ಸಲ ಇದು ಕಣ್ಣಿಗೆ ಕೂತರೆ ಹಂಪಿಗೆ ಹೋದರೂ ತಂಜಾವೂರಿಗೆ ಹೋದರೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ಹಂತ 5: ಮಕ್ಬರಾ (11.30ರಿಂದ 12.15)

ಮಕ್ಬರಾ ಎಂದರೆ ಗೋರಿಗಳಿರುವ ಕಟ್ಟಡ. ಕೋಲಾರದ ಮಕ್ಬರಾದಲ್ಲಿ ಹೈದರ್ ಅಲಿಯ ತಂದೆ ಫತೇ ಮಹಮ್ಮದ್ ಮತ್ತು ಅವರ ಕುಟುಂಬದವರ ಗೋರಿಗಳಿವೆ. ಶಿರಾದ ಸುಬೇದಾರರ ಕೆಳಗೆ ಸೇನಾಧಿಕಾರಿಯಾಗಿದ್ದ ಫತೇ ಮಹಮ್ಮದ್ ಈ ಭಾಗದಲ್ಲಿದ್ದಾಗಲೇ ಬಂಗಾರಪೇಟೆ ಕಡೆಯ ಬೂದಿಕೋಟೆಯಲ್ಲಿ ಹೈದರ್ ಹುಟ್ಟಿದ್ದು. ಇನ್ನೊಂದು ಸಂಗತಿಗಾಗಿಯೂ ಈ ಜಾಗವನ್ನು ಬಿಡಬಾರದು. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಅವನು ಬರುವ ತನಕ ಸಾವಿನ ಸುದ್ದಿಯನ್ನು ಮುಚ್ಚಿಟ್ಟು, ಶವವನ್ನು ಕೋಲಾರಕ್ಕೆ ತಂದು ತಂದೆಯ ಗೋರಿಯ ಬಳಿ ಇರಿಸಿದರು; ಶ್ರೀರಂಗಪಟ್ಟಣಕ್ಕೆ ಅದು ಹೋದದ್ದು ಆಮೇಲೆ. ಶ್ರೀರಂಗಪಟ್ಟಣದ ಗುಂಬಜ್ ನೋಡಿದವರು ಸಾವಿರಾರು, ಅದಕ್ಕೆ ಮೊದಲಿನ ನಿಲುಗಡೆ ನಮ್ಮೂರಿನಲ್ಲಿತ್ತೆಂದು ಬಲ್ಲವರು ಕಡಿಮೆ.

ಪಾದರಕ್ಷೆ ಹೊರಗೆ ಬಿಡಿ, ತಲೆಗೆ ಕರವಸ್ತ್ರ ಅಥವಾ ಸೆರಗು ಹೊದೆಯಿರಿ, ಗೋರಿಗಳಿಗೆ ಒರಗಬೇಡಿ. ನಮಾಜಿನ ಹೊತ್ತಾಗಿದ್ದರೆ, ಅದರಲ್ಲೂ ಶುಕ್ರವಾರ ಮಧ್ಯಾಹ್ನವಾಗಿದ್ದರೆ, ಸ್ವಲ್ಪ ಕಾಯಿರಿ. ಬೀದಿಯಲ್ಲಿ ದಾರಿ ಕೇಳುವಾಗ ‘ಮಕ್ಬರಾ’ ಎಂದೇ ಕೇಳಿ. ‘ಹೈದರನ ಗೋರಿ’ ಎಂದು ಕೇಳಿದರೆ ಜನ ಗೊಂದಲಕ್ಕೆ ಬೀಳುತ್ತಾರೆ.

ಹಂತ 6: ಊಟ

ಊಟವನ್ನು ಕೋಲಾರದಲ್ಲೇ ಮುಗಿಸಿ. ರಾಗಿಮುದ್ದೆ, ಬಸ್ಸಾರು ಸಿಗುವ ಸಾದಾ ಹೋಟೆಲುಗಳು ಬೇಕಾದಷ್ಟಿವೆ. ಒಂದೂಕಾಲರೊಳಗೆ ಹೊರಡಿ.

ಹಂತ 7: ಆವಣಿ (ಮಧ್ಯಾಹ್ನ 2.15ರಿಂದ 5.15)

ಸ್ವಂತ ವಾಹನವಿರುವವರಿಗೆ ಮಾತ್ರ ಈ ಹಂತ. ಬಸ್ಸಿನಲ್ಲಿ ಬಂದವರು ಮುಂದಿನ ಹಂತಕ್ಕೆ ಹೋಗಬಹುದು. ಆವಣಿ ಮುಳಬಾಗಿಲು ತಾಲ್ಲೂಕಿನಲ್ಲಿದೆ, ಕೋಲಾರದಿಂದ 30 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮುಳಬಾಗಿಲಿನ ಕಡೆಗೆ ಹೆದ್ದಾರಿಯಲ್ಲಿ ಹೋಗಿ ಬಲಕ್ಕೆ ತಿರುಗಬೇಕು. ಹೆದ್ದಾರಿ ಬಿಟ್ಟ ಮೇಲೆ ಊರಿನ ರಸ್ತೆ, ವೇಗ ಬೇಡ.

ಬೆಟ್ಟದ ಬುಡದಲ್ಲಿ ಒಂದೇ ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ಗುಡಿಗಳಿವೆ, ಇವುಗಳ ಜೊತೆ ಸಣ್ಣ ಗುಡಿಗಳೂ ಇವೆ. ಇಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ, ರಾಮನೂ ತಮ್ಮಂದಿರೂ ಒಬ್ಬೊಬ್ಬರು ಒಂದೊಂದು ಲಿಂಗವನ್ನು ಪ್ರತಿಷ್ಠಿಸಿದರು ಎಂಬುದು ಸ್ಥಳಪುರಾಣ. ಚರಿತ್ರೆಯ ದೃಷ್ಟಿಯಿಂದ ಇವುಗಳ ಮೂಲ ಕಟ್ಟಡಗಳು 10ನೇ ಶತಮಾನದ ಸುಮಾರಿನ ನೊಳಂಬರವು. ನೊಳಂಬರು ಈಗಿನ ಕೋಲಾರ, ತುಮಕೂರು, ಚಿತ್ರದುರ್ಗ, ಅನಂತಪುರದ ಭಾಗಗಳನ್ನು ಆಳಿದ ಅರಸರು. ಹೇಮಾವತಿ ಅವರ ರಾಜಧಾನಿ. ಮೇಲೆ ಹೇಳಿದ ಗಂಗ ಮತ್ತು ಚೋಳರ ನಡುವೆ ಬಿಟ್ಟುಹೋಗಿದ್ದ ಕೊಂಡಿ ಇದು. ಆಮೇಲಿನ ಚೋಳರು, ವಿಜಯನಗರದವರು ಇದಕ್ಕೆ ಸೇರಿಸುತ್ತ ಹೋದರು.

ನೇರವಾಗಿ ಲಕ್ಷ್ಮಣೇಶ್ವರದ ಹೊರಗೋಡೆಗೆ ಹೋಗಿ. ಇಲ್ಲಿನ ಗುಡಿಗಳಲ್ಲೆಲ್ಲ ಹೆಚ್ಚು ಅಲಂಕಾರ ಇದರದ್ದೇ, ಲಿಂಗವೂ ಇಲ್ಲಿಯದೇ ದೊಡ್ಡದು. ಅಣ್ಣನ ಲಿಂಗಕ್ಕಿಂತ ತಮ್ಮನ ಲಿಂಗ ಏಕೆ ದೊಡ್ಡದೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅರ್ಚಕರಿಂದ ಕಥೆ ಹೇಳಿಸಿ. ಗೋಡೆಯಿಂದ ಅರ್ಧ ಮಾತ್ರ ಎದ್ದುಬಂದ ಕಂಬಗಳಿಗೆ ಕುಡ್ಯಸ್ತಂಭ ಎನ್ನುತ್ತಾರೆ. ಅವುಗಳ ನಡುವಿನ ಜಾಗದಲ್ಲಿ ದೇವತೆಗಳ, ದ್ವಾರಪಾಲರ ಮೂರ್ತಿಗಳಿವೆ. ಜಾಲಂಧ್ರಗಳನ್ನೂ ತಪ್ಪದೆ ನೋಡಿ: ಒಂದೇ ಚಪ್ಪಡಿಯಲ್ಲಿ ಬಳ್ಳಿಗಳ, ಆಕೃತಿಗಳ ನಡುವಿನ ಕಲ್ಲನ್ನು ಕೊರೆದು ತೆಗೆದು ಮಾಡಿದ ಕಿಟಕಿಗಳವು. ನೊಳಂಬರ ಕುಶಲತೆ ಇದರಲ್ಲೇ ಹೆಚ್ಚು ಕಾಣುವುದು. ಮೂರು ಗಂಟೆಯ ನಂತರ ಇಳಿಬಿಸಿಲು ಪಶ್ಚಿಮದ ಗೋಡೆಯ ಮೇಲೆ ಓರೆಯಾಗಿ ಬೀಳುವುದರಿಂದ ಚಿತ್ರಕ್ಕೂ ಆ ಹೊತ್ತೇ ಸರಿ.

ನಂತರ ಕಾಲಲ್ಲಿ ಶಕ್ತಿಯಿದ್ದರೆ ಬೆಟ್ಟದ ಮೇಲಿನ ಸೀತೆಯ ಗುಡಿಗೆ ಹತ್ತಬಹುದು. ನಾಲ್ಕು ಗಂಟೆಯ ಒಳಗೆ ಹತ್ತಲು ತೊಡಗದಿದ್ದರೆ ಆ ಯೋಚನೆ ಬಿಡಿ. ಬಂಡೆಯ ದಾರಿಯಲ್ಲಿ ಕತ್ತಲಾದ ಮೇಲೆ ಇಳಿಯುವುದು ಅಪಾಯ. ಮಳೆ ಬಂದ ದಿನ ಹತ್ತಲೇಬೇಡಿ.

ಇಷ್ಟು ದೂರ ಬಂದಿದ್ದೇವೆ, ಕುರುಡುಮಲೆಯ ಗಣಪತಿಯನ್ನೂ ನೋಡಿಬಿಡೋಣ ಎಂದು ನಿಮಗೆ ಅನ್ನಿಸುತ್ತದೆ. ಮುಳಬಾಗಿಲಿನ ಆಚೆ ಹತ್ತು ಕಿಲೋಮೀಟರಿನಷ್ಟರಲ್ಲಿ ಅದೂ ಇದೆ, ಆದರೆ ಓಡಿ ಬಂದು ಓಡಿ ಹೋಗುವ ಜಾಗವಲ್ಲ. ಅದನ್ನೂ ಮುಳಬಾಗಿಲನ್ನೂ ಸೇರಿಸಿ ಇನ್ನೊಂದು ದಿನವನ್ನೇ ಇಟ್ಟುಕೊಳ್ಳಿ.

ಹಂತ 8: ಬಸ್ಸಿನಲ್ಲಿ ಬಂದವರಿಗೆ ಅಂತರಗಂಗೆ

ಊರಿನ ಪಕ್ಕದ ಶತಶೃಂಗ ಬೆಟ್ಟದ ಇಳಿಜಾರಿನಲ್ಲಿರುವ ಕಾಶಿ ವಿಶ್ವೇಶ್ವರನ ಸನ್ನಿಧಿ ಇದು. ಊರಿನಿಂದ ಆಟೋದಲ್ಲಿ ಬೆಟ್ಟದ ಬುಡಕ್ಕೆ ಹೋಗಿ ಮೆಟ್ಟಿಲು ಹತ್ತಬೇಕು. ಕಲ್ಲಿನ ಬಸವನ ಬಾಯಿಯಿಂದ ವರ್ಷವಿಡೀ ನೀರು ಬೀಳುತ್ತದೆ. ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿ ಬದುಕುವ ಈ ಸೀಮೆಯಲ್ಲಿ ಆ ನೀರಿಗೆ ಜನ ಕೈಮುಗಿಯುವುದರ ಅರ್ಥ ಹೊರಗಿನವರಿಗೂ ತಿಳಿಯುತ್ತದೆ. ಮೂರೂವರೆಯ ನಂತರ ಹತ್ತಿದರೆ ಬಿಸಿಲಿನ ಕಾಟ ಕಡಿಮೆ. ಕೋತಿಗಳು ಬಹಳ, ಪ್ಲಾಸ್ಟಿಕ್ ಚೀಲ, ಹಣ್ಣುಕಾಯಿಯ ತಟ್ಟೆ, ಕೈಯಲ್ಲಿನ ಬಿಸ್ಕತ್ತು ಯಾವುದನ್ನೂ ಕಾಣುವಂತೆ ಹಿಡಿಯಬೇಡಿ, ಕನ್ನಡಕವನ್ನು ಜೋಪಾನ ಮಾಡಿ. ಮೇಲಿನ ಬಂಡೆಗಳ ನಡುವಿನ ಗುಹೆಗಳಿಗೆ ದಾರಿ ಬಲ್ಲ ಸ್ಥಳೀಯರಿಲ್ಲದೆ ನುಗ್ಗಬೇಡಿ.

ಹಂತ 9: ಮರಳುವಾಗ

ಆವಣಿಯಿಂದ ಐದೂಕಾಲಕ್ಕೆ ಹೊರಟರೆ ಬೆಳಕಿರುವಾಗಲೇ ಹೆದ್ದಾರಿ ಸೇರುತ್ತೀರಿ. ಭಾನುವಾರ ಸಂಜೆ ಹೊಸಕೋಟೆಯಿಂದ ಕೆ.ಆರ್. ಪುರದವರೆಗೆ ವಾಹನಗಳು ತೆವಳುವುದರಿಂದ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಸ್ಸಿನವರು ಅಂತರಗಂಗೆಯಿಂದ ಕತ್ತಲಾಗುವ ಮೊದಲೇ ಇಳಿದು ಆಟೋ ಹಿಡಿಯಿರಿ. ಹೋಗುವಾಗಲೇ ಮರಳುವ ಬಾಡಿಗೆಯನ್ನೂ ಮಾತಾಡಿ, ಚಾಲಕರ ದೂರವಾಣಿ ಸಂಖ್ಯೆಯನ್ನು ಬರೆದುಕೊಂಡಿರಿ.